ಗಡಿ ಕಾಯುವ ಹಕ್ಕಿಗಳ ಮುಂದೆ ಕುಳಿತವರು: ನಿಕೋ ಟಿಂಬರ್ಜೆನ್

ಪದವಿಯಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಡ್.ಗೆ ಬಂದ ನಮ್ಮಂಥವರಿಗೆ ನಿಕೋ ಟಿಂಬರ್ಜೆನ್ ಹೆಸರು ಹೊಸತಲ್ಲ. ಕೊನ್ರಾಡ್ ಲೊರೆಂಜ್ ಮತ್ತು ಕಾರ್ಲ್ ಫಾನ್ ಫ್ರಿಷ್ ಅವರೊಂದಿಗೆ 1973ರ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು ಎಂಬ ಒಂದು ವಾಕ್ಯ, ಕೆಂಪು ಹೊಟ್ಟೆಯ ಮೀನಿನ ಒಂದು ಚಿತ್ರ, ಪರೀಕ್ಷೆಯಲ್ಲಿ ಐದು ಅಂಕದ ಒಂದು ಪ್ರಶ್ನೆ. ಅಲ್ಲಿಗೆ ಅವರ ಕಥೆ ಮುಗಿಯುತ್ತದೆ. ಆದರೆ ಅವರ ಬದುಕಿನಲ್ಲಿ ತರಗತಿಗೆ ಒಯ್ಯಬಹುದಾದದ್ದು ಬಹಳ ಇದೆ. ತರಗತಿಯ ಬಾಗಿಲಲ್ಲೇ ತಡೆಯಬೇಕಾದ ಒಂದು ಸಂಗತಿಯೂ ಇದೆ. ಅದನ್ನು ಅದರ ಕಾಲ ಬಂದಾಗ ಹೇಳುತ್ತೇನೆ.

ಟಿಂಬರ್ಜೆನ್ ಹುಟ್ಟಿದ್ದು 1907ರ ಏಪ್ರಿಲ್ 15ರಂದು, ಹಾಲೆಂಡಿನ ಹೇಗ್ ನಗರದಲ್ಲಿ. ತಂದೆ ಪ್ರೌಢಶಾಲೆಯಲ್ಲಿ ಡಚ್ ಭಾಷೆ ಮತ್ತು ಇತಿಹಾಸದ ಶಿಕ್ಷಕರು. ತಾಯಿಯೂ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವರು. ಐದು ಮಕ್ಕಳಲ್ಲಿ ನಿಕೋ ಮೂರನೆಯವರು. ಅಣ್ಣ ಯಾನ್ ಓದಿನಲ್ಲಿ ಬಹಳ ಮುಂದು; ಮುಂದೆ 1969ರಲ್ಲಿ ಅರ್ಥಶಾಸ್ತ್ರದ ಮೊತ್ತಮೊದಲ ನೊಬೆಲ್ ಪಡೆದವರಲ್ಲಿ ಒಬ್ಬರು. ಇಂಥ ಮನೆಯಲ್ಲಿ ನಿಕೋಗೆ ಮಾತ್ರ ಪಾಠಪುಸ್ತಕ ಹಿಡಿಸಲಿಲ್ಲ. ಹಾಕಿ ಆಡುವುದು, ಸಮುದ್ರತೀರದ ಮರಳುದಿಬ್ಬಗಳಲ್ಲಿ ಅಲೆಯುವುದು, ಹಿತ್ತಿಲಿನ ಎರಡು ಸಣ್ಣ ಗಾಜಿನ ತೊಟ್ಟಿಗಳಲ್ಲಿ ಮುಳ್ಳುಮೀನು ಗೂಡು ಕಟ್ಟುವುದನ್ನು ನೋಡುವುದು, ಇಷ್ಟೇ ಅವರ ಆಸಕ್ತಿ.

ಇಲ್ಲಿ ಒಬ್ಬ ಶಿಕ್ಷಕರ ಪ್ರವೇಶವಾಗುತ್ತದೆ. ಪ್ರೌಢಶಾಲೆಯ ಜೀವಶಾಸ್ತ್ರ ಶಿಕ್ಷಕ ಸ್ಕೀರ್‌ಬೇಕ್ ತಮ್ಮ ತರಗತಿಯಲ್ಲಿ ಸಮುದ್ರದ ನೀರು ತುಂಬಿದ ಮೂರು ಅಕ್ವೇರಿಯಂ ಇಟ್ಟಿದ್ದರು. ಅವುಗಳನ್ನು ನೋಡಿಕೊಳ್ಳುವ ಹೊಣೆಯನ್ನು ನಿಕೋ ಮತ್ತು ಕೆಲವು ಹುಡುಗರಿಗೆ ವಹಿಸಿದರು. ಬೆಳಗಿನ ಬಿಡುವಿನಲ್ಲಿ ಮಕ್ಕಳೆಲ್ಲ ಹೊರಗಿರಬೇಕು ಎಂಬುದು ಶಾಲೆಯ ನಿಯಮ. ಈ ಹುಡುಗ ಶಾಲೆ ಬಿಟ್ಟ ಮೇಲೆ ಸಾಕಷ್ಟು ಹೊರಗಾಳಿ ಕುಡಿಯುತ್ತಾನೆ, ಬಿಡುವಿನಲ್ಲಿ ಒಳಗಿದ್ದರೆ ತೊಂದರೆಯಿಲ್ಲ ಎಂದು ಮುಖ್ಯೋಪಾಧ್ಯಾಯರನ್ನು ಒಪ್ಪಿಸಿದವರೂ ಸ್ಕೀರ್‌ಬೇಕ್ ಅವರೇ. ಶಾಲೆ ಮುಗಿದಾಗ ನಿಕೋಗೆ ವಿಶ್ವವಿದ್ಯಾಲಯಕ್ಕೆ ಹೋಗುವ ಮನಸ್ಸಿರಲಿಲ್ಲ. ಆಗಲೂ ಇದೇ ಶಿಕ್ಷಕರು, ಕುಟುಂಬದ ಸ್ನೇಹಿತರಾಗಿದ್ದ ಭೌತವಿಜ್ಞಾನಿ ಏರೆನ್‌ಫೆಸ್ಟ್ ಜೊತೆ ಸೇರಿ, ಹುಡುಗನನ್ನು ಬಾಲ್ಟಿಕ್ ತೀರದ ರೊಸಿಟೆನ್ ಪಕ್ಷಿ ವೀಕ್ಷಣಾಲಯಕ್ಕೆ ಕಳಿಸುವಂತೆ ತಂದೆಗೆ ಹೇಳಿದರು. 1925ರ ಶರತ್ಕಾಲದಲ್ಲಿ ಅಲ್ಲಿ ಹಿಂಡುಹಿಂಡಾಗಿ ವಲಸೆ ಹೋಗುವ ಹಕ್ಕಿಗಳನ್ನು ಕಂಡು ಬಂದ ಹುಡುಗ ಲೈಡನ್ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರಕ್ಕೆ ಸೇರಿದರು. ನಮ್ಮ ಶಿಕ್ಷಣ ಮನೋವಿಜ್ಞಾನದ ಟಿಪ್ಪಣಿಗಳಲ್ಲಿ ಮಾರ್ಗದರ್ಶನ ಎಂಬ ಶೀರ್ಷಿಕೆಯ ಕೆಳಗೆ ಬರೆಯುವುದೆಲ್ಲ ಈ ಎರಡು ಸಂಗತಿಗಳಲ್ಲಿ ಅಡಗಿದೆ.

1932 ಅವರಿಗೆ ಅವಸರದ ವರ್ಷ. ಜೇನುನೊಣ ಹಿಡಿಯುವ ಕಣಜವೊಂದು ಮರಳಿನಲ್ಲಿ ತೋಡಿದ ತನ್ನ ಬಿಲವನ್ನು ಹೇಗೆ ಗುರುತಿಸುತ್ತದೆ ಎಂಬುದು ಅವರ ಸಂಶೋಧನೆಯ ವಿಷಯ. ಬಿಲದ ಸುತ್ತ ಪೈನ್ ಮರದ ಕಾಯಿಗಳನ್ನು ಉಂಗುರದಂತೆ ಇಟ್ಟು, ಕಣಜ ಹೊರಗೆ ಹೋದಾಗ ಉಂಗುರವನ್ನು ಪಕ್ಕಕ್ಕೆ ಸರಿಸಿದರೆ, ಅದು ಬಿಲವನ್ನು ಬಿಟ್ಟು ಉಂಗುರದ ನಡುವೆ ಬಂದು ಇಳಿಯುತ್ತಿತ್ತು. ಖರ್ಚಿಲ್ಲದ ಇಷ್ಟು ಸರಳ ಪ್ರಯೋಗ! ಪ್ರಬಂಧದ ಉದ್ದ ಕೇವಲ 32 ಪುಟ. ಹಡಗು ಹೊರಡುವ ಹೊತ್ತಾಗುತ್ತಿದ್ದುದರಿಂದ ವಿಶ್ವವಿದ್ಯಾಲಯ ಅಷ್ಟಕ್ಕೇ ಒಪ್ಪಿತು. ಅದೇ ವರ್ಷ ಎಲಿಜಬೆತ್ ರುಟ್ಟೆನ್ ಜೊತೆ ಮದುವೆಯಾಗಿ, ಅಂತಾರಾಷ್ಟ್ರೀಯ ಧ್ರುವ ವರ್ಷದ ಡಚ್ ತಂಡದೊಂದಿಗೆ ದಂಪತಿಗಳು ಪೂರ್ವ ಗ್ರೀನ್‌ಲ್ಯಾಂಡಿಗೆ ಹೊರಟರು.

ಅಂಗ್ಮಾಗ್ಸಾಲಿಕ್ ಪ್ರದೇಶದಲ್ಲಿ ಸುಮಾರು ಹದಿನಾಲ್ಕು ತಿಂಗಳು ಇನ್ಯುಯಿಟ್ ಬೇಟೆಗಾರರ ನಡುವೆ ಅವರ ವಾಸ. ಮರಗಳಿಲ್ಲದ ನೆಲ, ಬಂಡೆ, ಪಾಚಿ, ಹಿಮ. ಅಡಿಕೆ ತೋಟದ ನೆರಳಿನಲ್ಲಿ ಬೆಳೆದ ನಮಗೆ ಆ ಬಯಲನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಆದರೆ ಗಮನಿಸುವವರಿಗೆ ತುಂಡ್ರಾ ಒಂದು ಅನುಕೂಲ ಮಾಡಿಕೊಡುತ್ತದೆ. ಹಕ್ಕಿಗೆ ಅಡಗಲು ಮರವಿಲ್ಲ, ಬೇಸಿಗೆಯಲ್ಲಿ ಕತ್ತಲೆಯೂ ಇಲ್ಲ.

ಟಿಂಬರ್ಜೆನ್ ಆರಿಸಿಕೊಂಡದ್ದು ಸ್ನೋ ಬಂಟಿಂಗ್ ಎಂಬ, ಗುಬ್ಬಚ್ಚಿಗಿಂತ ತುಸು ದೊಡ್ಡದಾದ, ಕಪ್ಪು ಬಿಳುಪಿನ ಹಕ್ಕಿಯನ್ನು. ವಸಂತದ ಆರಂಭದಲ್ಲಿ, ನೆಲದ ಮೇಲೆ ಹಿಮ ಇನ್ನೂ ಇರುವಾಗಲೇ, ಮೊದಲು ಗಂಡುಗಳು ಗುಂಪಾಗಿ ಬರುತ್ತವೆ. ಹೆಣ್ಣುಗಳು ಬರುವುದು ವಾರಗಳ ನಂತರ. ಅಷ್ಟರಲ್ಲಿ ಒಂದೊಂದು ಗಂಡು ಒಂದೊಂದು ಜಾಗ ಹಿಡಿದು, ಎತ್ತರದ ಬಂಡೆಯ ಮೇಲೆ ಕುಳಿತು ಹಾಡತೊಡಗುತ್ತದೆ. ಪಕ್ಕದ ಗಂಡು ಗಡಿ ದಾಟಿದರೆ ಅಟ್ಟಿಸಿಕೊಂಡು ಹೋಗುತ್ತದೆ. ಆದರೆ ತನ್ನ ಗಡಿ ದಾಟಿದ ಕೂಡಲೇ ಅದರ ಧೈರ್ಯ ಇಳಿದು, ಅಟ್ಟಿದ್ದು ಈಗ ಓಡುತ್ತದೆ. ನಮ್ಮೂರಲ್ಲಿ ಗಡಿಕಲ್ಲು, ಅಗಳು, ಬೇಲಿ ಎಲ್ಲ ಇದ್ದೂ ತಕರಾರು ತಾಲೂಕು ಕಚೇರಿಯವರೆಗೆ ಹೋಗುತ್ತದೆ. ಈ ಹಕ್ಕಿಗಳು ಕಲ್ಲೂ ನಕ್ಷೆಯೂ ಇಲ್ಲದೆ ಹಾಡಿನಿಂದಲೇ ಗಡಿ ಹಾಕುತ್ತವೆ.

ಟಿಂಬರ್ಜೆನ್ ಗಮನಿಸಿದ ಇನ್ನೊಂದು ಸಂಗತಿ ನನಗೆ ಹೆಚ್ಚು ಇಷ್ಟ. ಹವೆ ಕೆಟ್ಟು ಹಿಮ ಸುರಿದಾಗ ಇದೇ ಶತ್ರುಗಳು ಗಡಿ ಮರೆತು, ಒಟ್ಟಿಗೆ ಗುಂಪಾಗಿ ಆಹಾರ ಹುಡುಕುತ್ತವೆ. ಹವೆ ತಿಳಿಯಾದರೆ ಮತ್ತೆ ತಮ್ಮ ತಮ್ಮ ಬಂಡೆಗೆ ಹೋಗಿ ಜಗಳ ಶುರು. ಅಂದರೆ ಗಡಿ ಕಾಯುವುದು ಹಕ್ಕಿಯ ಶಾಶ್ವತ ಸ್ವಭಾವವಲ್ಲ. ಋತು, ಹವೆ, ದೇಹದ ಸ್ಥಿತಿ ಕೂಡಿಬಂದಾಗ ಎಚ್ಚರಗೊಳ್ಳುವ ವರ್ತನೆ. ಈ ಅಧ್ಯಯನ ಪುಸ್ತಕರೂಪದಲ್ಲಿ ಬಂದದ್ದು 1939ರಲ್ಲಿ. ಅಲ್ಲಿಯೇ ಅವರು ಕೆಂಪುಕತ್ತಿನ ಫೆಲರೋಪ್ ಎಂಬ ನೀರುಹಕ್ಕಿಯನ್ನೂ ನೋಡಿದರು. ಅದರಲ್ಲಿ ಹೆಣ್ಣೇ ಹೆಚ್ಚು ಬಣ್ಣದ್ದು, ಜಗಳವಾಡುವುದೂ ಅದೇ. ಮೊಟ್ಟೆಗೆ ಕಾವು ಕೊಡುವುದು ಗಂಡು. ಇದೇ ಜಾತಿಯ ಹಕ್ಕಿಗಳು ಯುರೋಪ್ ಮತ್ತು ಏಷ್ಯಾದ ಉತ್ತರ ಭಾಗದಿಂದ ಬಂದು ಚಳಿಗಾಲವನ್ನು ನಮ್ಮ ಅರಬ್ಬೀ ಸಮುದ್ರದ ನೀರಿನ ಮೇಲೆಯೇ ಕಳೆಯುತ್ತವೆ.

ಬೇಟೆಗಾರರ ಹಳ್ಳಿಯ ನಾಯಿಗಳ ಬಗ್ಗೆ ಟಿಂಬರ್ಜೆನ್ ಬರೆದದ್ದನ್ನು ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಓದಬೇಕು. ನಾಯಿಗಳು ಗುಂಪುಗುಂಪಾಗಿ ಹಳ್ಳಿಯನ್ನು ಹಂಚಿಕೊಂಡಿದ್ದವು. ಪ್ರತಿ ಗುಂಪೂ ತನ್ನ ಪ್ರದೇಶ ಕಾಯುತ್ತಿತ್ತು. ಮರಿನಾಯಿಗಳಿಗೆ ಮಾತ್ರ ಗಡಿ ಗೊತ್ತಿಲ್ಲ. ಮತ್ತೆ ಮತ್ತೆ ಬೇರೆಯವರ ಜಾಗಕ್ಕೆ ನುಗ್ಗುತ್ತವೆ, ಮತ್ತೆ ಮತ್ತೆ ಕಚ್ಚಿಸಿಕೊಳ್ಳುತ್ತವೆ. ಎಷ್ಟು ಪೆಟ್ಟು ಬಿದ್ದರೂ ಕಲಿಯುವುದಿಲ್ಲ. ಪ್ರಾಯಕ್ಕೆ ಬಂದ ಕೂಡಲೇ, ಹೆಚ್ಚೆಂದರೆ ಒಂದು ವಾರದಲ್ಲಿ, ಅದೇ ನಾಯಿ ತನ್ನ ಗಡಿಯನ್ನು ಕಾಯಲೂ ಇತರರ ಗಡಿಯಿಂದ ದೂರವಿರಲೂ ಕಲಿತುಬಿಡುತ್ತದೆ. ಪರಿಪಕ್ವತೆ ಮತ್ತು ಕಲಿಕೆ ಎಂಬ ಘಟಕದಲ್ಲಿ ಥಾರ್ನ್‌ಡೈಕ್ ಅವರ ಸಿದ್ಧತೆಯ ನಿಯಮ ಬರೆದು ಬೇಸತ್ತವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಪೆಟ್ಟಿನಿಂದ ಕಲಿಸುವವರಿಗೂ ಇದನ್ನು ತೋರಿಸಬಹುದು.

ಅವರು ಹಿಂತಿರುಗಿದ ಆ 1930ರ ದಶಕದಲ್ಲೇ ನಮ್ಮ ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ ಬಾಲಪ್ರಪಂಚದ ಸಂಪುಟಗಳನ್ನು ಸಿದ್ಧಪಡಿಸುತ್ತಿದ್ದರು. ಇಬ್ಬರಿಗೂ ಪರಿಚಯವಿದ್ದಿರಲಾರದು. ಆದರೂ ಮಕ್ಕಳು ಕಣ್ಣು ಬಿಟ್ಟು ಜಗತ್ತನ್ನು ನೋಡಬೇಕೆಂಬ ಹಟದಲ್ಲಿ ಇಬ್ಬರೂ ಒಂದೇ.

ಲೈಡನ್‌ನಲ್ಲಿ ಟಿಂಬರ್ಜೆನ್ ವಿದ್ಯಾರ್ಥಿಗಳ ಪ್ರಾಯೋಗಿಕ ತರಗತಿಗೆ ಬಾಲ್ಯದ ಮುಳ್ಳುಮೀನನ್ನೇ ತಂದರು. ಮರಿ ಮಾಡುವ ಕಾಲದಲ್ಲಿ ಗಂಡಿನ ಹೊಟ್ಟೆ ಕೆಂಪಾಗುತ್ತದೆ, ಅದು ತೊಟ್ಟಿಯ ಒಂದು ಭಾಗ ಹಿಡಿದು ಗೂಡು ಕಟ್ಟುತ್ತದೆ. ಎರಡು ಗೂಡಿರುವ ತೊಟ್ಟಿಯಿಂದ ಎರಡು ಗಂಡುಗಳನ್ನೂ ಹಿಡಿದು, ಬೇರೆ ಬೇರೆ ಗಾಜಿನ ಕೊಳವೆಗಳಲ್ಲಿ ಹಾಕಿ, ಎರಡನ್ನೂ ಒಂದನೆಯದರ ಗೂಡಿನ ಬಳಿ ಒಯ್ದರೆ ಒಂದನೆಯದು ಗಾಜಿಗೆ ಢಿಕ್ಕಿ ಹೊಡೆಯುತ್ತ ಮೇಲೆ ಬೀಳಲು ನೋಡುತ್ತದೆ, ಎರಡನೆಯದು ತಪ್ಪಿಸಿಕೊಳ್ಳಲು ಒದ್ದಾಡುತ್ತದೆ. ಕೊಳವೆಗಳನ್ನು ಎರಡನೆಯದರ ಗೂಡಿನ ಬಳಿ ತಂದರೆ ಎಲ್ಲವೂ ತಿರುಗುಮುರುಗು. ಮೀನುಗಳು ಅವೇ, ಬದಲಾದದ್ದು ಸ್ಥಳ ಮಾತ್ರ. ಗ್ರೀನ್‌ಲ್ಯಾಂಡಿನ ಬಯಲಲ್ಲಿ ತಿಂಗಳುಗಟ್ಟಲೆ ಕಂಡದ್ದನ್ನು ಮೇಜಿನ ಮೇಲೆ ಐದು ನಿಮಿಷದಲ್ಲಿ ತೋರಿಸುವ ಪಾಠ ಇದು. ಮೀನಿನ ಆಕಾರವೇ ಇಲ್ಲದ, ಕೆಳಭಾಗ ಕೆಂಪಾದ ಒರಟು ಗೊಂಬೆಯ ಮೇಲೂ ಗಂಡು ಎರಗುತ್ತಿತ್ತು. ತದ್ರೂಪ ಮೀನಿನಂತಿದ್ದು ಕೆಂಪಿಲ್ಲದ ಗೊಂಬೆಯನ್ನು ಅಷ್ಟಾಗಿ ಲಕ್ಷಿಸುತ್ತಿರಲಿಲ್ಲ. ಕಿಟಕಿಯಾಚೆ ರಸ್ತೆಯಲ್ಲಿ ಕೆಂಪು ಅಂಚೆ ವ್ಯಾನ್ ಹೋದಾಗಲೂ ಮೀನುಗಳು ಆ ಕಡೆಗೆ ನುಗ್ಗುತ್ತಿದ್ದವಂತೆ.

1936ರಲ್ಲಿ ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್ ಪರಿಚಯವಾದರು. ಮರುವರ್ಷ ಕೆಲ ತಿಂಗಳು ಇಬ್ಬರೂ ಹೆಬ್ಬಾತುಗಳ ಮೇಲೆ ಒಟ್ಟಿಗೆ ಕೆಲಸ ಮಾಡಿದರು. ಮುಂದೆ ಯುದ್ಧ ಅವರನ್ನು ಎರಡು ದಡದಲ್ಲಿ ನಿಲ್ಲಿಸಿತು. ಲೊರೆಂಜ್ ನಾಜಿ ಪಕ್ಷ ಸೇರಿದರು. ಹಾಲೆಂಡನ್ನು ಆಕ್ರಮಿಸಿದ ಜರ್ಮನರು ಲೈಡನ್‌ನ ಯಹೂದಿ ಪ್ರಾಧ್ಯಾಪಕರನ್ನು ತೆಗೆದುಹಾಕಿದಾಗ ಪ್ರತಿಭಟಿಸಿದ ಅಧ್ಯಾಪಕರಲ್ಲಿ ಟಿಂಬರ್ಜೆನ್ ಒಬ್ಬರು. 1942ರಿಂದ ಎರಡು ವರ್ಷ ಅವರು ಒತ್ತೆಯಾಳುಗಳ ಶಿಬಿರದಲ್ಲಿದ್ದರು. ಹೊರಗೆ ಯಾರಾದರೂ ಪ್ರತಿರೋಧ ತೋರಿದರೆ ಒಳಗಿರುವವರನ್ನು ಗುಂಡಿಟ್ಟು ಕೊಲ್ಲಬಹುದು ಎಂಬ ಭಯ ಅಲ್ಲಿ ಸದಾ ಇತ್ತು. ಆ ದಿನಗಳಲ್ಲಿ ಅವರು ತಮ್ಮ ಮಕ್ಕಳಿಗಾಗಿ ಒಂದು ಗಲ್ ಹಕ್ಕಿಯ ಕಥೆಯನ್ನು ಚಿತ್ರಸಹಿತ ಬರೆದರು. ಯುದ್ಧ ಮುಗಿದ ಮೇಲೆ ಅದು ಪುಸ್ತಕವಾಯಿತು. ಲೊರೆಂಜ್ ರಷ್ಯಾದ ಸೆರೆಯಿಂದ ಬಿಡುಗಡೆಯಾಗಿ ಬಂದ ಬಳಿಕ, 1949ರಲ್ಲಿ ಇಂಗ್ಲೆಂಡಿನಲ್ಲಿ ಇಬ್ಬರೂ ಭೇಟಿಯಾಗಿ ಸ್ನೇಹ ಮುಂದುವರಿಸಿದರು. ಅದೇ ವರ್ಷ ಟಿಂಬರ್ಜೆನ್ ಲೈಡನ್‌ನ ಪ್ರಾಧ್ಯಾಪಕ ಹುದ್ದೆ ಬಿಟ್ಟು ಆಕ್ಸ್‌ಫರ್ಡ್ ಸೇರಿದರು.

ಇನ್ನು ಗಲ್ ಹಕ್ಕಿಗಳ ವಿಷಯ. ಟಿಂಬರ್ಜೆನ್ ಹೆಸರು ಉಳಿದಿರುವುದೇ ಇವುಗಳಿಂದ. ಹೆರಿಂಗ್ ಗಲ್ ಸಮುದ್ರತೀರದ ಬೇಟೆಗಾರ ಹಕ್ಕಿ. ಮೀನು, ಏಡಿ ಮಾತ್ರವಲ್ಲ, ಪಕ್ಕದ ಗೂಡಿನ ಮೊಟ್ಟೆ, ಮರಿಯನ್ನೂ ತಿನ್ನುತ್ತದೆ. ಹಾಗಿದ್ದೂ ಸಾವಿರಾರು ಜೋಡಿಗಳು ಮರಳುದಿಬ್ಬದ ಮೇಲೆ ಒತ್ತೊತ್ತಾಗಿ ಗೂಡು ಮಾಡುತ್ತವೆ. ಕೊಲೆಗಡುಕರ ನಡುವೆಯೇ ಮನೆ ಕಟ್ಟಿ ಮಕ್ಕಳನ್ನು ಸಾಕಬೇಕಾದ ಸ್ಥಿತಿ. ಆದ್ದರಿಂದ ಅವುಗಳಿಗೆ ಗಡಿ ಬೇಕು, ಗಡಿಯಲ್ಲಿ ಜೀವಹಾನಿಯಿಲ್ಲದೆ ಜಗಳವಾಡುವ ಭಾಷೆಯೂ ಬೇಕು. ಕತ್ತು ನೆಟ್ಟಗೆ ಎತ್ತಿ, ಕೊಕ್ಕು ಕೆಳಗೆ ಮಾಡಿ, ರೆಕ್ಕೆಯ ಬುಡ ಸ್ವಲ್ಪ ಹೊರಗೆ ಚಾಚಿ ನಡೆದು ಬಂದರೆ ಅದು ಎಚ್ಚರಿಕೆ. ಅದಕ್ಕೂ ಜಗ್ಗದಿದ್ದರೆ ಬಗ್ಗಿ ಹುಲ್ಲನ್ನು ಕಚ್ಚಿ ಬಲವಾಗಿ ಎಳೆಯುತ್ತದೆ. ಗೂಡಿಗೆ ಹುಲ್ಲು ಕೀಳುವಾಗ ಇಷ್ಟು ರೋಷ ಇರುವುದಿಲ್ಲ. ಎದುರಾಳಿಯ ರೆಕ್ಕೆ ಹಿಡಿದು ಎಳೆಯುವ ಕಸುವು ಇಲ್ಲಿ ಹುಲ್ಲಿನ ಮೇಲೆ ತೀರುತ್ತದೆ. ಮುಂದೆ ನುಗ್ಗಬೇಕು, ಹಿಂದೆ ಓಡಲೂ ಬೇಕು ಎಂಬ ಎರಡು ಪ್ರೇರಣೆಗಳು ಸಮ ಸಮವಾಗಿ ಗಡಿಯಲ್ಲಿ ಸಿಕ್ಕಿಕೊಂಡಾಗ ಮೂರನೆಯ ಸಂಬಂಧವಿಲ್ಲದ ಕ್ರಿಯೆ ಹೊರಬರುತ್ತದೆ ಎಂದು ಟಿಂಬರ್ಜೆನ್ ವಿವರಿಸಿದರು. ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆಗೆ ಉತ್ತರ ಹೊಳೆಯದೆ, ಒರೆಸಿದ ಕಪ್ಪುಹಲಗೆಯನ್ನೇ ಮತ್ತೆ ಒರೆಸುವ ಪ್ರಶಿಕ್ಷಣಾರ್ಥಿಗಳನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಗಲ್ ತನ್ನ ಮೊಟ್ಟೆಯನ್ನು ಗುರುತಿಸಲಾರದು. ಬೇರೆಯದನ್ನು ಇಟ್ಟರೂ ಕಾವು ಕೊಡುತ್ತದೆ. ಆದರೆ ಮರಿ ಹುಟ್ಟಿ ಐದಾರು ದಿನವಾಗುವಷ್ಟರಲ್ಲಿ ತನ್ನ ಮರಿ ಯಾವುದು, ನೆರೆಯದು ಯಾವುದು ಎಂದು ಅದಕ್ಕೆ ಗೊತ್ತು. ಮರಿಗಳು ಗೂಡು ಬಿಟ್ಟು ಓಡಾಡತೊಡಗುವುದೂ ಆ ಹೊತ್ತಿಗೇ. ಟಿಂಬರ್ಜೆನ್ ಅವರ ಶಿಷ್ಯೆ ಎಸ್ತರ್ ಕಲನ್, ಕಡಿದಾದ ಬಂಡೆಯಂಚಿನಲ್ಲಿ ಗೂಡು ಮಾಡುವ ಕಿಟಿವೇಕ್ ಎಂಬ ಗಲ್ ಅನ್ನು ಗಮನಿಸಿದರು. ಅಲ್ಲಿ ಮರಿ ಓಡಿದರೆ ಬಿದ್ದು ಸಾಯುತ್ತದೆ, ಆದ್ದರಿಂದ ಓಡುವುದಿಲ್ಲ. ತಾಯಿತಂದೆಗೆ ಮರಿಯ ಗುರುತೂ ಅಷ್ಟು ಬೇಗ ಬೇಕಿಲ್ಲ, ಇಲ್ಲ ಕೂಡ. ನೆಲ ಬದಲಾದರೆ ನಡತೆಯೇ ಬದಲು.

ತುಂಡ್ರಾದಲ್ಲಿ ಗಲ್‌ಗಳ ಹತ್ತಿರದ ನೆಂಟರಾದ ಸ್ಕುವಾಗಳಿವೆ. ಕೊಕ್ಕಿನ ತುದಿ ಕೊಕ್ಕೆ, ಸಮುದ್ರದ ಮೇಲೆ ಬೇರೆ ಹಕ್ಕಿಯ ಮೀನನ್ನು ಕಸಿಯುವ ದರೋಡೆಕೋರ. ಗೂಡಿನ ಹತ್ತಿರ ಮನುಷ್ಯ ಸುಳಿದರೆ ತಲೆಗೇ ಎರಗುತ್ತವೆ. ಅವುಗಳಲ್ಲಿ ಪೊಮರೈನ್ ಸ್ಕುವಾ ಲೆಮಿಂಗ್ ಎಂಬ ಇಲಿಯಂಥ ಪ್ರಾಣಿ ಹೇರಳವಾಗಿರುವ ವರ್ಷ ಮಾತ್ರ ನೆಲ ಹಿಡಿದು ಗೂಡು ಮಾಡುತ್ತದೆ. ಲೆಮಿಂಗ್ ಇಲ್ಲದ ವರ್ಷ ಗಡಿಯೂ ಇಲ್ಲ, ಜಗಳವೂ ಇಲ್ಲ, ಬೇರೆಡೆಗೆ ಹೊರಟುಬಿಡುತ್ತದೆ. ಚಳಿಗಾಲದಲ್ಲಿ ಈ ಸ್ಕುವಾ ಅರಬ್ಬೀ ಸಮುದ್ರಕ್ಕೂ ಬರುತ್ತದೆ. ಸುಬ್ರಹ್ಮಣ್ಯದ ಕಡೆಯಿಂದ ಇಳಿದು ಬರುವ ನಮ್ಮ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನಲ್ಲಿ ಕಡಲು ಸೇರುತ್ತದಲ್ಲ, ಆ ಅಳಿವೆಯ ಕಡೆ ಚಳಿಗಾಲದಲ್ಲಿ ಗಲ್‌ಗಳ ಹಿಂಡು ಕಾಣಸಿಗುತ್ತದೆ. ಟಿಂಬರ್ಜೆನ್ ಮುಂದೆ ಬಹುಕಾಲ ಗಮನಿಸಿದ ಕಪ್ಪುತಲೆಯ ಗಲ್ ಕೂಡ ಅದರಲ್ಲಿರುತ್ತದೆ. ಆದರೆ ಇಲ್ಲಿಗೆ ಬರುವಾಗ ತಲೆಯ ಕಪ್ಪು ಹೋಗಿ ಕಣ್ಣಿನ ಹಿಂದೆ ಒಂದು ಚುಕ್ಕೆ ಮಾತ್ರ ಉಳಿದಿರುತ್ತದೆ. ಗೂಡಿನ ಗಡಿಯ ಜಗಳವನ್ನೂ ಅವು ಉತ್ತರದಲ್ಲೇ ಬಿಟ್ಟು ಬಂದಿರುತ್ತವೆ.

ಇಂಗ್ಲೆಂಡಿನ ರೇವನ್‌ಗ್ಲಾಸ್ ಮರಳುದಿಬ್ಬಗಳಲ್ಲಿ ಈ ಕಪ್ಪುತಲೆಯ ಗಲ್‌ಗಳ ಮೇಲೆ ಟಿಂಬರ್ಜೆನ್ ತಂಡ ನಡೆಸಿದ ಒಂದು ಪ್ರಯೋಗ ನಮ್ಮ ಎಂಟನೆಯ ತರಗತಿಯಲ್ಲೂ ಹೇಳಬಹುದಾದಷ್ಟು ಸ್ಪಷ್ಟವಾಗಿದೆ. ಮರಿ ಹೊರಬಂದ ಮೇಲೆ ತಾಯಿಹಕ್ಕಿ ಒಡೆದ ಚಿಪ್ಪನ್ನು ಕಚ್ಚಿ ದೂರ ಎಸೆಯುತ್ತದೆ. ವರ್ಷಕ್ಕೆ ಕೆಲವೇ ನಿಮಿಷದ ಕೆಲಸ. ಇದರಿಂದ ಏನು ಉಪಯೋಗ? ಚಿಪ್ಪಿನ ಒಳಗಿನ ಬಿಳುಪು ಕಾಗೆಗಳ ಕಣ್ಣಿಗೆ ಬೀಳುತ್ತದೆಯೇ? ಮೊಟ್ಟೆಗಳನ್ನು ಬಯಲಲ್ಲಿ ಇಟ್ಟು, ಒಡೆದ ಚಿಪ್ಪನ್ನು ಬೇರೆ ಬೇರೆ ದೂರದಲ್ಲಿ ಇರಿಸಿ ನೋಡಿದರು. ಚಿಪ್ಪು 15 ಸೆಂಟಿಮೀಟರ್ ದೂರದಲ್ಲಿದ್ದಾಗ ನೂರಕ್ಕೆ 42 ಮೊಟ್ಟೆಗಳು ಕಳ್ಳರ ಪಾಲಾದವು. 2 ಮೀಟರ್ ದೂರದಲ್ಲಿದ್ದಾಗ 21 ಮಾತ್ರ. ಹಾಗಾದರೆ ಹಕ್ಕಿ ಮರಿ ಹೊರಬಂದ ಕೂಡಲೇ ಚಿಪ್ಪು ಎಸೆಯಬೇಕಿತ್ತಲ್ಲ? ಅದು ಒಂದೆರಡು ಗಂಟೆ ತಡೆಯುತ್ತದೆ. ಒದ್ದೆ ಮರಿಯನ್ನು ಬಿಟ್ಟು ಎದ್ದರೆ ನೆರೆಯ ಗಲ್ ಬಂದು ನುಂಗುತ್ತದೆ. ಮರಿಯ ಮೈ ಒಣಗಿ ತುಪ್ಪುಳು ಉಬ್ಬಿದ ಮೇಲೆ ನುಂಗುವುದು ಸುಲಭವಲ್ಲ. ಕಾಗೆಯ ಭಯ ಒಂದು ಕಡೆ, ನೆರೆಮನೆಯ ಭಯ ಇನ್ನೊಂದು ಕಡೆ. ಆ ನಡುವೆ ಹಕ್ಕಿ ಆರಿಸಿಕೊಂಡ ಹೊತ್ತು ಅದು.

1963ರಲ್ಲಿ ಲೊರೆಂಜ್ ಅವರ ಅರುವತ್ತನೆಯ ಹುಟ್ಟುಹಬ್ಬಕ್ಕೆ ಅರ್ಪಿಸಿದ ಲೇಖನದಲ್ಲಿ ಟಿಂಬರ್ಜೆನ್, ಪ್ರಾಣಿ ಹೀಗೇಕೆ ಮಾಡುತ್ತದೆ ಎಂಬ ಒಂದು ಪ್ರಶ್ನೆಯೊಳಗೆ ನಾಲ್ಕು ಪ್ರಶ್ನೆಗಳಿವೆ ಎಂದು ತೋರಿಸಿದರು. ಈ ಕ್ಷಣ ಇದನ್ನು ಹೊರಡಿಸಿದ್ದೇನು, ಈ ಪ್ರಾಣಿಯ ಬೆಳವಣಿಗೆಯಲ್ಲಿ ಇದು ಹೇಗೆ ಬಂತು, ಬದುಕುಳಿಯಲು ಇದರಿಂದ ಏನು ಪ್ರಯೋಜನ, ವಂಶದ ಇತಿಹಾಸದಲ್ಲಿ ಹೇಗೆ ವಿಕಾಸವಾಯಿತು. ನಾನು ಬೋಧನಾಭ್ಯಾಸಕ್ಕೆ ಹೋದ, ಕಡಬ ಕಡೆಯ ಒಂದು ಶಾಲೆಯಲ್ಲಿ, ಫೆಬ್ರವರಿಯ ಬೆಳಗ್ಗೆ ಶಿಕ್ಷಕರ ಬೈಕುಗಳ ಕನ್ನಡಿಗೆ ಮಡಿವಾಳ ಹಕ್ಕಿಯೊಂದು ಬಂದು ಕುಕ್ಕುತ್ತಿತ್ತು. ಹಕ್ಕಿ ಅಂದ ನೋಡಿಕೊಳ್ಳುತ್ತದೆ ಎಂದು ಕೆಲವರು, ಹೆಣ್ಣನ್ನು ಹುಡುಕುತ್ತದೆ ಎಂದು ಕೆಲವರು. ಒಂದು ಕನ್ನಡಿಗೆ ಕರವಸ್ತ್ರ ಕಟ್ಟಿ, ಇನ್ನೊಂದನ್ನು ಹಾಗೇ ಬಿಟ್ಟು, ನಾಲ್ಕು ದಿನ ಪ್ರಾರ್ಥನೆಗೆ ಮೊದಲು ಹತ್ತು ನಿಮಿಷ ಮಕ್ಕಳು ಎಣಿಸಿದರು. ಮುಚ್ಚಿದ ಕನ್ನಡಿಗೆ ಹಕ್ಕಿ ಒಮ್ಮೆಯೂ ಕುಕ್ಕಲಿಲ್ಲ. ಕನ್ನಡಿಯಲ್ಲಿ ಕಂಡದ್ದು ಅದಕ್ಕೆ ಗಡಿ ದಾಟಿದ ಇನ್ನೊಂದು ಗಂಡು ಎಂಬ ಉತ್ತರಕ್ಕೆ ಅವರೇ ಹತ್ತಿರ ಬಂದರು. ಮೇ ತಿಂಗಳ ನಂತರ ಕುಕ್ಕುತ್ತದೆಯೇ ಎಂದು ಒಬ್ಬಳು ಕೇಳಿದಳು. ಅದು ನಾಲ್ಕರಲ್ಲಿ ಮೊದಲನೆಯ ಪ್ರಶ್ನೆ. ಪಾಠ ಯೋಜನೆಯಲ್ಲಿ ನಾನು ಬರೆದುಕೊಂಡು ಹೋದ ಪ್ರಶ್ನೆಗಳಿಗಿಂತ ಅದು ಉತ್ತಮವಾಗಿತ್ತು.

ಈಗ ಬಾಗಿಲಲ್ಲೇ ತಡೆಯಬೇಕಾದ ಸಂಗತಿ. 1973ರಲ್ಲಿ ನೊಬೆಲ್ ಬಂದಾಗ ಟಿಂಬರ್ಜೆನ್ ತಮ್ಮ ಉಪನ್ಯಾಸದಲ್ಲಿ ಹಕ್ಕಿಗಳನ್ನು ಬಿಟ್ಟು ಆಟಿಸಂ ಇರುವ ಮಕ್ಕಳ ಬಗ್ಗೆ ಮಾತಾಡಿದರು. ಪತ್ನಿಯೊಂದಿಗೆ ಅವರು ಇಂಥ ಮಕ್ಕಳನ್ನು ಗಮನಿಸಿದ್ದರು. ತಾಯಿ ಮಗುವಿನ ನಡುವಿನ ಬಂಧದಲ್ಲಿ ಆದ ತೊಡಕು, ಸುತ್ತಲಿನ ಒತ್ತಡ ಇವೇ ಇದರ ಮೂಲವೆಂದು ನಂಬಿದರು. ಮುಂದೆ, ಮಗು ಎಷ್ಟೇ ಒದ್ದಾಡಿದರೂ ತಾಯಿ ಬಿಗಿಯಾಗಿ ಅಪ್ಪಿಹಿಡಿಯಬೇಕೆಂಬ ಚಿಕಿತ್ಸೆಯನ್ನು ಬೆಂಬಲಿಸಿದರು. 1983ರಲ್ಲಿ ದಂಪತಿಗಳು ಪುಸ್ತಕವನ್ನೂ ತಂದರು. ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಅದರಲ್ಲಿ ಆನುವಂಶಿಕತೆಯ ಪಾತ್ರ ದೊಡ್ಡದು, ತಾಯಿಯ ಪ್ರೀತಿ ಕಡಿಮೆಯಾದುದರಿಂದ ಬರುವುದಲ್ಲ ಎಂಬುದು ಇಂದು ಖಚಿತ. ತಜ್ಞರು ಆಗಲೇ ವಿರೋಧಿಸಿದ್ದರು. ಒಂದು ಚಿಪ್ಪಿನ ಪ್ರಯೋಜನ ತಿಳಿಯಲು ನೂರಾರು ಮೊಟ್ಟೆಗಳನ್ನು ಇಟ್ಟು ಎಣಿಸಿದ ಮನುಷ್ಯ, ಮಕ್ಕಳ ವಿಷಯದಲ್ಲಿ ಆರಿಸಿದ ಕೆಲವೇ ಉದಾಹರಣೆಗಳಿಗೆ ತೃಪ್ತರಾದರು. ಮೊದಲೇ ನೊಂದ ತಾಯಂದಿರ ಮೇಲೆ ತಪ್ಪು ಹೊರಿಸುವ ಮಾತಿಗೆ ನೊಬೆಲ್‌ನ ತೂಕ ಸೇರಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಪಟ್ಟಿಯಲ್ಲಿ ಸೇರಿಸಿದ ಮೇಲೆ ಇಂಥ ಮಕ್ಕಳು ನಮ್ಮ ಸಾಮಾನ್ಯ ತರಗತಿಗಳಿಗೆ ಬರುತ್ತಿದ್ದಾರೆ. ತಾಯಿಯ ಮೊಬೈಲ್, ತಾಯಿಯ ನೌಕರಿ ಎಂದೆಲ್ಲ ಸಿಬ್ಬಂದಿ ಕೊಠಡಿಯಲ್ಲಿ ಸುಲಭವಾಗಿ ತೀರ್ಪು ಕೊಡುವ ಮಾತು ಈಗಲೂ ಕೇಳಿಬರುತ್ತದೆ. ಸಮನ್ವಯ ಶಿಕ್ಷಣದ ಪತ್ರಿಕೆಯಲ್ಲಿ ಟಿಂಬರ್ಜೆನ್ ಅವರ ಈ ಅಧ್ಯಾಯವನ್ನೂ ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ. ಅವರನ್ನು ಸಣ್ಣವರನ್ನಾಗಿ ಮಾಡಲು ಅಲ್ಲ, ನೋಡುವುದಕ್ಕೂ ಪರೀಕ್ಷಿಸುವುದಕ್ಕೂ ಇರುವ ಅಂತರವನ್ನು ಅವರಿಂದಲೇ ಕಲಿಯಲು.

ಟಿಂಬರ್ಜೆನ್ ಅವರನ್ನು ಮನಸ್ಸಿನ ಖಿನ್ನತೆ ಹಲವು ಬಾರಿ ಕಾಡಿತ್ತು. ಹಕ್ಕಿತಜ್ಞರಾಗಿದ್ದ ತಮ್ಮ ಲೂಕ್ ಅವರನ್ನು 1955ರಲ್ಲೇ ಕಳೆದುಕೊಂಡಿದ್ದರು. ಡೆಸ್ಮಂಡ್ ಮಾರಿಸ್, ರಿಚರ್ಡ್ ಡಾಕಿನ್ಸ್ ಅವರಂಥ ಶಿಷ್ಯರನ್ನು ಬೆಳೆಸಿ, ಗಲ್‌ಗಳ ಸಂಜ್ಞೆಗಳ ಬಗ್ಗೆ ಬಹುಮಾನಿತ ಚಲನಚಿತ್ರವನ್ನೂ ಮಾಡಿ, 1974ರಲ್ಲಿ ನಿವೃತ್ತರಾದರು. 1988ರ ಡಿಸೆಂಬರ್ 21ರಂದು ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡಾಗ ಅವರಿಗೆ 81 ವರ್ಷ. ಅವರು ಮೊಟ್ಟೆಯ ಚಿಪ್ಪುಗಳನ್ನು ಅಳೆದು ಇಟ್ಟಿದ್ದ ರೇವನ್‌ಗ್ಲಾಸ್‌ನ ದಿಬ್ಬಗಳಿಂದ ಕಪ್ಪುತಲೆಯ ಗಲ್‌ಗಳು ಅದೇ ದಶಕದಲ್ಲಿ ಗೂಡು ಬಿಟ್ಟು ಹೋಗಿದ್ದವು.